ಮೆಣಸಿನಗಟ್ಟೆಯ ಒಂಟಿ ವೋಟು

ಐವತ್ತೇಳನೆಯ ಇಸವಿಯ ಚುನಾವಣೆಯಲ್ಲಿ ನಾನು ಹರಿಹರದ ಸೇತುವೆಯ ಮೇಲೆ ನಿಂತು ಭಾಷಣ ಮಾಡಿದಾಗ ತುಂಗಭದ್ರೆ ಹರಿಯುವುದನ್ನು ನಿಲ್ಲಿಸಿ ಕೇಳಿದಳು. ಸಾಕ್ಷಿ ಬೇಕಿದ್ದರೆ ಅಂದು ನೀರಿನಲ್ಲಿದ್ದ ಮೀನುಗಳನ್ನು ವಿಚಾರಿಸಬಹುದು. ಅಷ್ಟು ಹೊತ್ತು ಒಂದೇ ಕಡೆ ನಿಂತು ಅವಕ್ಕೆ ಕಾಲು ಹಿಡಿದುಕೊಂಡಿತ್ತು. ಕೊನೆಗೆ ನಾನೇ ಮನಸ್ಸು ಕರಗಿ, "ಸಾಕು, ಇನ್ನು ಹೊರಡವ್ವ, ಹೊಸಪೇಟೆಯವರು ಕಾಯ್ತಿರ್ತಾರೆ" ಎಂದೆ. ಆಮೇಲೆ ಹರಿದಳು.

ನದಿಯನ್ನೇ ನಿಲ್ಲಿಸಿದವನಿಗೆ ಮೆಣಸಿನಗಟ್ಟೆಯಂಥ ಹಳ್ಳಿಯ ಮುನ್ನೂರು ಚಿಲ್ಲರೆ ವೋಟು ಯಾವ ಲೆಕ್ಕ? ಒಮ್ಮೆ ಕೆಮ್ಮಿದೆ, ಇಡೀ ಊರು ಆ ಕಡೆಯಿಂದ ಈ ಕಡೆಗೆ ಹೊರಳಿತು. ಆ ಕೆಮ್ಮಿನ ಕಥೆಯನ್ನೇ ಈಗ ಹೇಳಹೊರಟಿದ್ದೇನೆ.

ನಾನು ಸೂರಪ್ಪ. ಆಗ ದಾವಣಗೆರೆಯಲ್ಲಿ ತೋಟಪ್ಪ ಸಾಹುಕಾರರ ಹತ್ತಿ ಮಂಡಿಯಲ್ಲಿ ಗುಮಾಸ್ತ. ಗುಮಾಸ್ತನೆಂದರೆ ಬರೆಯುವವನು ಎಂದು ತಿಳಿಯಬೇಡಿ, ಬರೆಯುವುದಕ್ಕೆ ಬೇರೆಯವರಿದ್ದರು. ಗಾಡಿ ಹೊಡೆದುಕೊಂಡು ಬಂದ ರೈತರು ಎದುರು ಮಂಡಿಗೆ ಹೋಗದಂತೆ ಮಾತಿನಲ್ಲಿ ಕಟ್ಟಿಹಾಕುವುದು ನನ್ನ ಕೆಲಸ. ವಾರವೆಲ್ಲ ಹತ್ತಿ ಮೂಟೆಗಳ ಮೇಲೆ ಮಲಗುವುದು. ಶನಿವಾರ ಮಲೆಬೆನ್ನೂರಿನ ಬಸ್ಸು ಹತ್ತಿ, ಅಲ್ಲಿಂದ ಹೊಲದ ದಾರಿ ಹಿಡಿದು ಮೆಣಸಿನಗಟ್ಟೆಯ ಮಾವನ ಮನೆ ಸೇರುವುದು. ಹೌದು, ಮಾವನ ಮನೆ. ನಾನು ಮನೆಅಳಿಯ. ಆ ಪದವಿಗೆ ನಮ್ಮ ಕಡೆ ಇರುವ ಮರ್ಯಾದೆ ಏನೆಂದರೆ, ಊಟಕ್ಕೆ ಎಲ್ಲರಿಗಿಂತ ಮೊದಲು ಕರೆಯುತ್ತಾರೆ, ಮಾತಿಗೆ ಎಲ್ಲರಿಗಿಂತ ಕೊನೆಗೂ ಕರೆಯುವುದಿಲ್ಲ. ನನ್ನ ಮಾವ ಕೆಂಚವೀರಪ್ಪನವರು ಊರಿನ ಗೌಡರು. ಅವರ ಕಟ್ಟೆಯ ಮೇಲೆ ಊರಿನ ನಾಯಿ ಕೂಡ ಮಲಗುತ್ತಿತ್ತು. ನನಗೆ ಮಾತ್ರ, "ಅಳಿಯಂದ್ರೆ, ಒಳಗೆ ಕೂಡ್ರಿ, ಬಿಸ್ಲೈತೆ" ಎನ್ನುತ್ತಿದ್ದರು.

ಆ ಸಲ ತೋಟಪ್ಪ ಸಾಹುಕಾರರು ಚುನಾವಣೆಗೆ ನಿಂತರು. ಅವರ ಗುರುತು ತಕ್ಕಡಿ. ಎದುರಿಗೆ ನಿಂತವರು ಹರಿಹರದ ತಿಪ್ಪೇರುದ್ರಪ್ಪ, ಗುರುತು ದೋಣಿ. ಅವರು ಸಾಹುಕಾರರ ಹೆಂಡತಿ ಶಕುಂತಲಮ್ಮನವರ ಖಾಸಾ ಅಣ್ಣ. ಹೊರಗಿನವರ ಎದುರು ಸೋತರೆ ಅದು ಚುನಾವಣೆ. ಭಾವನ ಎದುರು ಸೋತರೆ ಅದನ್ನು ಪ್ರತಿ ಹಬ್ಬಕ್ಕೂ ಎಲೆಯ ಮೇಲೆ ಬಡಿಸುತ್ತಾರೆ.

ಒಂದು ದಿನ ಸಾಹುಕಾರರು ಗಾದಿಯ ಮೇಲೆ ಕುಳಿತು ನಿಟ್ಟುಸಿರು ಬಿಟ್ಟರು. "ದಾವಣಗೆರಿ ಚಿಂತಿಲ್ಲ. ಆ ಮಲೆಬೆನ್ನೂರು ಕಡೆ ಹಳ್ಳಿಗಳದ್ದೇ ತಿಳಿಯವಲ್ದು."

ಇಂಥ ಹೊತ್ತಿನಲ್ಲಿ ಸುಮ್ಮನಿರುವುದು ನನ್ನ ಜಾತಕದಲ್ಲಿ ಬರೆದಿಲ್ಲ.

"ಮೆಣಸಿನಗಟ್ಟೆ ನಂಗೆ ಬಿಡ್ರಿ ಸಾಹುಕಾರ್ರೆ. ಆ ಊರು ನನ್ನ ಅಂಗೈಯಾಗೈತೆ."

"ಎಲ್ಲಿ, ಅಂಗೈ ತೋರ್ಸು."

ತೋರಿಸಿದೆ. ಸಾಹುಕಾರರು ಕನ್ನಡಕ ಏರಿಸಿ ನೋಡಿದರು. "ಬರೀ ಹತ್ತಿ ಎಳೆ ಐತಲ್ಲೋ."

ಬಾಗಿಲಲ್ಲಿ ನಿಂತಿದ್ದ ಜೀಪಿನ ಡ್ರೈವರ್ ಹಯಾತ್ ಸಾಬ್ ಬೀಡಿ ಬಾಯಿಂದ ತೆಗೆಯದೆಯೇ ಹೇಳಿದ: "ಸಾಹುಕಾರ್ರೆ, ಇವರ ಮಾವ ಇವರ ಕೈಗೆ ಎಮ್ಮೆ ಹಗ್ಗನೂ ಕೊಡಲ್ಲ, ಬಿಚ್ಕೊಂಡು ಹೋಗ್ತೈತೆ ಅಂತ."

ಮಾತು ಮೂಳೆಗೆ ತಾಗಿತು. "ಹಯಾತ್ ಸಾಬ್, ಕೇಳಿಸ್ಕೊಳ್ರಿ. ಆ ಊರಿಂದ ಒಂದೇ ಒಂದು ವೋಟು ದೋಣಿಗೆ ಬಿದ್ರೆ ನಾನು ಈ ಮಂಡಿ ಮೆಟ್ಲು ತುಳಿಯಲ್ಲ."

"ಅವನು ಕೇಳೋದು ಬ್ಯಾಡ, ನಾ ಕೇಳೀನಿ," ಎಂದರು ಸಾಹುಕಾರರು. "ಒಂದೂ ಬೀಳ್ದಿದ್ರೆ ಹರಿಹರದಾಗ ತೆರಿಯೋ ಹೊಸ ಅಂಗಡಿ ನಿನ್ನ ಕೈಗೆ. ಅಂಗಡಿ ಮ್ಯಾಲಿನ ಎರಡು ಕೋಣೆ ನಿನ್ನ ಸಂಸಾರಕ್ಕೆ. ಬಿತ್ತೋ, ನೀ ಮೆಣಸಿನಗಟ್ಟೆಯಾಗ ಆ ಎಮ್ಮೆ ಹಿಂದನೇ ಹೋಗು."

ಶನಿವಾರ ಈ ಸುದ್ದಿಯನ್ನು ಹೆಂಡತಿ ಉಮಾಮಹೇಶ್ವರಿಗೆ ಹೇಳಿದೆ. ಚುನಾವಣೆ, ತಕ್ಕಡಿ, ಶಪಥ ಯಾವುದನ್ನೂ ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

"ಎರಡು ಕೋಣೆನಾ? ಒಲಿ ಯಾವ ಕಡೆ ಐತ್ರಿ?"

ಮದುವೆಯಾದಾಗಿನಿಂದ ಅವಳು ತನ್ನದೆಂಬ ಒಲೆಗೆ ಒಂದು ಕಡ್ಡಿ ಗೀರಿರಲಿಲ್ಲ. ಅಮ್ಮನ ಒಲೆ, ಅಜ್ಜಿಯ ಒಲೆ, ಅತ್ತಿಗೆಯ ಸರದಿ. ನಾನು ನೋಡದ ಕೋಣೆಯ ನೋಡದ ಒಲೆಯನ್ನು ಪೂರ್ವಕ್ಕೆ ಕೂರಿಸಿ, ಪಕ್ಕದಲ್ಲಿ ಕಿಟಕಿಯನ್ನೂ ಇಟ್ಟುಕೊಟ್ಟೆ. ಅವಳು ಅಂದಿನಿಂದಲೇ ಕಿಟಕಿಗೆ ಪರದೆ ಹೊಲಿಯತೊಡಗಿದಳು. ಹೀಗೆ ಸಿಕ್ಕಿಕೊಂಡೆ.

ಮೆಣಸಿನಗಟ್ಟೆಯಲ್ಲಿ ವೋಟು ಕೇಳುವುದು ಸುಲಭದ ಕೆಲಸವಲ್ಲ. ಅಲ್ಲಿ ಊರಿಗೆಲ್ಲ ಒಂದೇ ಮಾತು. ಬಿದ್ದರೆ ಎಲ್ಲವೂ ಒಂದೇ ಕಡೆ ಬೀಳಬೇಕು. ಆದರೆ ಆ ಮಾತು ಯಾವುದೆಂದು ಕೊನೆಯವರೆಗೂ ಯಾರೂ ಬಾಯಿ ಬಿಡುವುದಿಲ್ಲ. ಯಾರು ಬಂದರೂ ಕಟ್ಟೆಯ ಮೇಲೆ ಕೂರಿಸಿ, ಮಜ್ಜಿಗೆ ಕೊಟ್ಟು, "ಆಗ್ಲಿ ಬಿಡ್ರಿ" ಎನ್ನುತ್ತಾರೆ. ಅದರ ಅರ್ಥ ಹೌದೂ ಅಲ್ಲ, ಇಲ್ಲವೂ ಅಲ್ಲ. ಲೋಟ ಕೆಳಗಿಟ್ಟು ಹೊರಡಿ ಎಂದು.

ನಾನು ಹಯಾತ್ ಸಾಬನ ಜೀಪಿನ ಮೇಲೆ ಹತ್ತಿ ನಿಂತು ಮಾಡಿದ ಭಾಷಣಕ್ಕೆ ಬೇವಿನ ಮರದ ಎಲೆ ಉದುರಿದವು. ತಕ್ಕಡಿ ಎಂದರೆ ನ್ಯಾಯ, ನ್ಯಾಯವೆಂದರೆ ಧರ್ಮ, ಧರ್ಮವೆಂದರೆ ತೋಟಪ್ಪ ಸಾಹುಕಾರರು ಎಂದು ಗಂಟಲು ಹರಿಯುವಂತೆ ಹೇಳಿ ಮುಗಿಸಿದೆ. ಮಾವ ಎದ್ದು ನಿಂತರು.

"ಅಳಿಯಂದ್ರೆ, ಇಳೀರಿ. ಮುದ್ದೆ ಆರ್ತೈತೆ."

ಮರುದಿನ ತಿಪ್ಪೇರುದ್ರಪ್ಪನವರ ಸವಾರಿ. ಅವರು ನನ್ನಂತೆ ಬಾಯಿಯನ್ನು ನಂಬಿದವರಲ್ಲ. ಹರಿಹರದ ಹೊಳೆಯಿಂದ ಒಂದು ನಿಜವಾದ ದೋಣಿಯನ್ನೇ ಎತ್ತಿ, ಗಾಡಿಗೆ ಬಿಗಿದು ತಂದಿದ್ದರು. ದೋಣಿಯೊಳಗೆ ಅವರ ಏಜೆಂಟ್ ಏಕಾಂತಪ್ಪ ಕುಳಿತು ಗಾಳಿಗೆ ಹುಟ್ಟು ಹಾಕುತ್ತಿದ್ದ. ಎರಡು ಜೊತೆ ಎತ್ತು, ಮುಂದೆ ಡೊಳ್ಳು. ಮೊಣಕಾಲು ನೆನೆಯುವಷ್ಟು ನೀರನ್ನು ಮಳೆಗಾಲದಲ್ಲೂ ಕಾಣದ ಊರಿನ ಬೀದಿಯಲ್ಲಿ ಆ ದೋಣಿ ತೇಲಿಕೊಂಡು ಹೋದದ್ದನ್ನು ನೋಡಿ ಮಕ್ಕಳು ಕುಣಿದರು, ಗಂಡಸರು ತಲೆದೂಗಿದರು. ಹೆಂಗಸರು ಮಾತ್ರ ಬಾಗಿಲಲ್ಲಿ ಸೆರಗು ಬಾಯಿಗಿಟ್ಟು ನಿಂತಿದ್ದರು. ಎಲ್ಲರ ಮುಂದೆ ಉಮಾಮಹೇಶ್ವರಿಯ ಅಜ್ಜಿ, ಊರಿನ ಹಿರಿಯ ಜೀವ ಓಬವ್ವ. ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ನನಗಂತೂ ಹರಿಹರದ ಅಂಗಡಿ ದೋಣಿ ಹತ್ತಿ ಹೋದಂತಾಯಿತು.

ಈಗಿನಂತೆ ಚೀಟಿಯ ಮೇಲೆ ಮುದ್ರೆ ಒತ್ತುವ ಪದ್ಧತಿ ಆಗ ಬಂದಿರಲಿಲ್ಲ. ಅಭ್ಯರ್ಥಿಗೊಂದು ಕಬ್ಬಿಣದ ಪೆಟ್ಟಿಗೆ, ಪೆಟ್ಟಿಗೆಯ ಮುಂಬದಿಗೆ ಅವರ ಗುರುತಿನ ಚಿತ್ರ. ಒಬ್ಬೊಬ್ಬರಾಗಿ ಮರೆಯೊಳಗೆ ಹೋಗಿ ಮೆಚ್ಚಿದ ಪೆಟ್ಟಿಗೆಗೆ ಚೀಟಿ ಬಿಟ್ಟು ಬರಬೇಕು. ಮೆಣಸಿನಗಟ್ಟೆಯ ಶಾಲೆಯಲ್ಲಿ ಮರೆಗೆಂದು ಮೂಲೆಯಲ್ಲಿ ಎರಡು ಕಂಬಳಿ ಇಳಿಬಿಟ್ಟಿದ್ದರು. ಬೆಳಗ್ಗೆ ಮೊದಲು ಹೆಂಗಸರು ಬಂದರು. ತಲೆಗೆ ಎರೆದುಕೊಂಡು, ಮಡಿ ಸೀರೆಯುಟ್ಟು, ಸೆರಗಿನ ಮರೆಯಲ್ಲಿ ಏನೇನೋ ಹಿಡಿದು ಬಂದ ಅವರನ್ನು ಕಂಡು ದಾವಣಗೆರೆಯಿಂದ ಬಂದ ಅಧಿಕಾರಿಗಳು ಮೆಚ್ಚಿಕೊಂಡರು. ಪ್ರಜಾಪ್ರಭುತ್ವದ ಮೇಲೆ ಇಂಥ ಭಕ್ತಿಯನ್ನು ತಾವು ಬೇರೆ ಎಲ್ಲೂ ಕಂಡಿಲ್ಲವೆಂದರು. ಓಬವ್ವ ಕಂಬಳಿಯೊಳಗೆ ಹೋದವಳು ಬೇಗ ಬರಲಿಲ್ಲ. "ಅಜ್ಜೀರೆ, ಆಯ್ತೇನ್ರಿ?" ಎಂದು ಅಧಿಕಾರಿಗಳು ಎರಡು ಸಲ ಕೂಗಿದರು. "ಮಂಗಳಾರತಿ ಒಂದು ಉಳೀತಪ್ಪ, ಬೆಂಕಿಪೊಟ್ಣ ಐತಾ?" ಎಂದು ಒಳಗಿಂದ ದನಿ ಬಂತು. ಅಜ್ಜಿ ಚೇಷ್ಟೆ ಮಾಡುತ್ತಾಳೆಂದು ಎಲ್ಲರೂ ನಕ್ಕರು.

ನಾನು ಬೆಳಗಿನಿಂದ ಹೊರಗೆ ನಿಂತು ಬಂದವರಿಗೆಲ್ಲ ಕಣ್ಣಿನಲ್ಲೇ ತಕ್ಕಡಿ ತೂಗಿ ತೋರಿಸಿ, ಕಟ್ಟಕಡೆಗೆ ಒಳಗೆ ಹೋದೆ. ಕಂಬಳಿ ಸರಿಸಿದವನೇ ಸೋಜಿಗಪಟ್ಟೆ. ಒಂದು ಪೆಟ್ಟಿಗೆ ಬೋಳು ಬೋಳಾಗಿ ಗೋಡೆಗೆ ಒತ್ತಿಕೊಂಡಿದೆ. ಇನ್ನೊಂದಕ್ಕೆ ಮೂರು ಬೆರಳಿನ ವಿಭೂತಿ ಪಟ್ಟೆ, ಒಂದರ ಮೇಲೊಂದು, ಚಿತ್ರವೇ ಕಾಣದಷ್ಟು. ಅದರ ಮೇಲೆ ಕುಂಕುಮ, ಕಣಗಿಲೆ ಹೂವು, ಮುಂದೆ ಎಲೆಯಡಿಕೆ, ಒಂದು ನಿಂಬೆಹಣ್ಣು. ನನ್ನ ಕಣ್ಣು ತುಂಬಿ ಬಂತು. ಊರು ಊರೇ ಸಾಹುಕಾರರನ್ನು ಪೂಜಿಸಿಬಿಟ್ಟಿದೆ. ಮದುವೆ ಮನೆಯಲ್ಲಿ ಬಾಸಿಂಗ ಕಟ್ಟಿದವಳು ಮದುಮಗಳು; ಪಕ್ಕದಲ್ಲಿ ಬೋಳು ಹಣೆಯಲ್ಲಿ ಕೂತವಳನ್ನು ಯಾರಾದರೂ ತಿರುಗಿ ನೋಡುತ್ತಾರೆಯೇ? ನಾನೂ ನೋಡಲಿಲ್ಲ. ಪೂಜೆಗೊಂಡ ಪೆಟ್ಟಿಗೆಗೆ ಚೀಟಿ ಬಿಟ್ಟು, ಕಣ್ಣಿಗೊತ್ತಿಕೊಂಡು, ಒಂದು ಹೂವನ್ನು ಕಿವಿಗೆ ಸಿಕ್ಕಿಸಿ ಹೊರಬಂದೆ.

ಸಂಜೆ ಪೆಟ್ಟಿಗೆಗಳನ್ನು ಹೊರಗೆ ತಂದರು. ವಿಭೂತಿಯ ಪೆಟ್ಟಿಗೆ ಯಾರದೆಂದು ತಿಳಿಯದೆ ಅಧಿಕಾರಿಗಳು ಒದ್ದೆ ಬಟ್ಟೆಯಿಂದ ಒರೆಸಿದರು. ಮೊದಲು ಹುಟ್ಟು ಕಂಡಿತು. ಆಮೇಲೆ ದೋಣಿ ಕಂಡಿತು.

ಏಕಾಂತಪ್ಪ ಹೆಗಲ ಮೇಲಿನ ಟವೆಲ್ಲನ್ನು ಆಕಾಶಕ್ಕೆ ಎಸೆದು, ಅದು ಕೆಳಗೆ ಬರುವುದಕ್ಕೆ ಮುಂಚೆ ಸೈಕಲ್ ಹತ್ತಿ ಮಲೆಬೆನ್ನೂರು ದಾರಿಯಲ್ಲಿ ಮಾಯವಾದ. ನಾನು ಕಿವಿಯ ಹೂವನ್ನು ಮೆಲ್ಲಗೆ ತೆಗೆದು ಬಾಯಿಗೆ ಹಾಕಿಕೊಳ್ಳಬೇಕೆಂದಿದ್ದೆ; ಕಣಗಿಲೆ ವಿಷವೆಂದು ನೆನಪಾಗಿ ಜೇಬಿಗೆ ಹಾಕಿದೆ.

ಮರುದಿನದ ಹೊತ್ತಿಗೆ ಹರಿಹರದಲ್ಲಿ ತಿಪ್ಪೇರುದ್ರಪ್ಪನವರು ಪೇಡೆ ಹಂಚಿದರೆಂದೂ, ಅದರಲ್ಲಿ ಒಂದು ಪುಡಿಕೆಯನ್ನು ದಾವಣಗೆರೆಗೆ, ತಂಗಿಯ ಗಂಡನ ಮನೆಗೇ ಕಳಿಸಿದರೆಂದೂ ಸುದ್ದಿ ಬಂತು. ಬೆನ್ನ ಹಿಂದೆಯೇ ಹಯಾತ್ ಸಾಬನ ಜೀಪು.

"ಸಾಹುಕಾರ್ರು ಕರೀತಾರೇನು?" ಎಂದೆ.

"ಕರೀಲಿಲ್ಲ," ಎಂದು ಹಯಾತ್ ಸಾಬ್ ಹಿಂದಿನ ಸೀಟಿನಿಂದ ನನ್ನ ಹಾಸಿಗೆ ಸುರುಳಿ ಇಳಿಸಿ ಕಟ್ಟೆಯ ಮೇಲಿಟ್ಟ. "ಇದನ್ನ ಕೊಟ್ಟು ಬಾ ಅಂದ್ರು. ದಿಂಬಿನಾಗೆ ಹತ್ತಿ ಅವ್ರದಂತೆ, ತೆಗೆದಿಟ್ಕೊಂಡಾರೆ."

ಉಮಾಮಹೇಶ್ವರಿ ಪರದೆ ಹೊಲಿಯುವುದನ್ನು ನಿಲ್ಲಿಸಲಿಲ್ಲ. ನನಗೆ ರೇಗಿತು. "ಯಾವ ಕಿಟಕಿಗೆ ಹೊಲೀತೀಯ? ನಿಮ್ಮೂರು ದೋಣಿ ಹತ್ತಿ ಆಯ್ತಲ್ಲ."

"ಯಾರು ಹತ್ತಿದ್ರು?" ಎಂದು ಅವಳು ದಾರ ಹಲ್ಲಿನಿಂದ ಕಡಿದಳು. "ನೀರಿಲ್ಲದೂರಿಗೆ ದೋಣಿ ಬಂತು ಅಂದ್ರೆ ಹಿಂದೆನೇ ನೀರು ಬರ್ತೈತೆ ಅಂದ್ಲು ನಮ್ಮಜ್ಜಿ. ಅಣೆಕಟ್ಟು ಕಟ್ಟಿದ ಕಡೆಯೆಲ್ಲ ಹಳ್ಳಿ ಮುಳುಗಿಲ್ವಾ? ಅದಕ್ಕೆ ಊರಾಗಿನ ಹೆಂಗಸ್ರೆಲ್ಲ ಕೂಡಿ ಮಾತಾಡ್ಕೊಂಡ್ವಿ, ಗಂಡಸ್ರಿಗೆ ರೊಟ್ಟಿ ಹಾಕೋ ಹೊತ್ನಾಗೆ ತಿಳಿಸಿದ್ವಿ. ವೋಟೆಲ್ಲ ತಕ್ಕಡಿಗೆ, ಪೂಜಿ ಇಲ್ಲದ ಪೆಟ್ಟಿಗಿಗೆ. ನೀವು ಹೆಂಗೂ ತಕ್ಕಡಿಯೋರು, ನಿಮಗೇನು ಹೇಳೋದು ಅಂತ ಬಿಟ್ವಿ."

"ಹಂಗಾದ್ರೆ ಆ ಪೂಜೆ?"

"ದೋಣಿ ಗಂಗಮ್ಮನ ವಾಹನ ಅಲ್ವೇನ್ರಿ? ಮನೆ ಬಾಗಿಲಿಗೆ ಬಂದೋಳನ್ನ ಬ್ಯಾಡ ಹೋಗು ಅಂದ್ರೆ ಸಿಟ್ಟಾಗಾಕಿಲ್ವಾ? ಬರೀ ಹಣೆಲಿ ಕಳಿಸಬಾರ್ದು ಅಂತ ವಿಭೂತಿ ಹಚ್ಚಿ, ಎಲಿಯಡಿಕಿ ಕೊಟ್ಟು, ತಾಯಿ ನಿನಗೆ ಪೂಜಿ, ಅವನಿಗೆ ವೋಟು, ನಮ್ಮೂರು ಬಿಟ್ಟು ಹೋಗು ಅಂತ ಕೈಮುಗುದ್ವಿ."

ನನಗೆ ಒಂದು ಕಣ್ಣಿನಲ್ಲಿ ಆನಂದಬಾಷ್ಪ, ಇನ್ನೊಂದರಲ್ಲಿ ಬೇರೆಯದು. ಇಡೀ ಊರು ತಕ್ಕಡಿಗೆ. ಒಬ್ಬನನ್ನು ಬಿಟ್ಟು. ಆ ಒಬ್ಬನ ಹೆಸರನ್ನು ನಾನು ಹೆಂಡತಿಗೂ ಹೇಳಲಿಲ್ಲ.

ಎಣಿಕೆಯ ದಿನ ಕಚೇರಿಯ ಮುಂದೆ ಹೋಗಿ ಸಾಹುಕಾರರಿಗೆ ಕೈಮುಗಿದೆ. ಅವರು ನನ್ನನ್ನು ನೋಡದೆ ನನ್ನ ಹಿಂದಿನ ಗೋಡೆಯನ್ನು ನೋಡಿದರು.

"ಮೆಣಸಿನಗಟ್ಟೆ ಪೆಟ್ಟಿಗೆ ತೆಗೀಲಿ, ಆಮೇಲೆ ಮಾತಾಡ್ರಿ," ಎಂದೆ. "ಪೂಜಿ ಅವರಿಗೆ, ವೋಟು ನಿಮಗೆ. ಇದು ಈ ಸೂರಪ್ಪ ಹೂಡಿದ ಹೂಟ. ಎದುರಾಳಿ ಮೈಮರೀಲಿ ಅಂತ ನಾನೇ ಮಾಡಿಸಿದ್ದು."

ಪೆಟ್ಟಿಗೆ ತೆರೆದರು. ತಕ್ಕಡಿಯದರಲ್ಲಿ ಚೀಟಿ ಇಟ್ಟಾಡಿತು, ಮುನ್ನೂರು ಚಿಲ್ಲರೆ. ದೋಣಿಯದನ್ನು ಬೋರಲು ಹಾಕಿದರು. ಅಡಿಕೆ ಚೂರು, ಒಂದಾಣೆಯ ಬಿಲ್ಲೆಗಳು, ಬಾಡಿದ ಹೂವಿನ ಎಸಳು, ಮತ್ತು ಒಂದೇ ಒಂದು ಚೀಟಿ. ತಿಪ್ಪೇರುದ್ರಪ್ಪನವರು ಪೆಟ್ಟಿಗೆಯೊಳಗೆ ಕೈ ಹಾಕಿ ಮೂಲೆ ಮೂಲೆ ತಡಕಿ ನೋಡಿದರಂತೆ. ಸಾಹುಕಾರರು ಕ್ಷೇತ್ರವನ್ನು ಗೆದ್ದದ್ದು ಇನ್ನೂರು ವೋಟಿನ ಅಂತರದಲ್ಲಿ. ಮೆಣಸಿನಗಟ್ಟೆ ಆ ಕಡೆ ಬಿದ್ದಿದ್ದರೆ ಪೇಡೆ ಪುಡಿಕೆ ಇಂದಿಗೂ ಬರುತ್ತಿತ್ತು.

"ಸೂರಪ್ಪಾ," ಎಂದು ಸಾಹುಕಾರರು ಅಪ್ಪಿಕೊಂಡರು. ಅಪ್ಪಿಕೊಂಡೇ ಕಿವಿಯಲ್ಲಿ ಕೇಳಿದರು: "ಆ ಒಂದು ಯಾರ್ದೋ? ಒಂದೂ ಬೀಳಲ್ಲ ಅಂದಿದ್ದೆ."

"ಹಿಡ್ದು ನಿಮ್ಮ ಮುಂದೆ ನಿಲ್ಲಿಸ್ತೀನಿ," ಎಂದುಬಿಟ್ಟೆ.

ಊರಿನಲ್ಲಿ ಇದಕ್ಕಿಂತ ದೊಡ್ಡ ಗದ್ದಲವಾಗಿತ್ತು. ತಲೆತಲಾಂತರದಿಂದ ಒಂದೇ ಮಾತಿನಲ್ಲಿದ್ದ ಊರಿಗೆ ಎರಡನೇ ನಾಲಿಗೆ ಹುಟ್ಟಿದೆಯೆಂದು ಮಾವ ಕಟ್ಟೆಗೆ ಎಲ್ಲರನ್ನೂ ಕರೆದರು. ಅಂದು ಮೊದಲ ಸಲ ನನ್ನನ್ನೂ ಕಟ್ಟೆಯ ಮೇಲೆ ಕೂರಿಸಿದರು. ಕೂತವನು ಸುಮ್ಮನಿದ್ದೇನೆಯೇ? ಎಲ್ಲರಿಗಿಂತ ಜೋರಾಗಿ ಅಬ್ಬರಿಸಿದೆ.

"ಅನ್ನ ತಿಂದ ಮನೆಗೆ ಎರಡು ಬಗೆದೋನು ಯಾವನು? ಗಂಡಸಾದ್ರೆ ಎದ್ದು ನಿಲ್ಲಲಿ."

ಯಾರೂ ನಿಲ್ಲಲಿಲ್ಲ. ನಾಗಕ್ಕ ಎಂಬವಳು ಪಕ್ಕದ ಮನೆಯ ಉಡಚಮ್ಮನ ಕಡೆ ಬೆರಳು ತೋರಿಸಿದಳು. "ದೋಣಿ ಬಂದಾಗ ಈಕೆ ಮಗ ಅದರಾಗೆ ಹತ್ತಿ ಕೂತಿದ್ದ."

"ಅವನಿಗೆ ಇನ್ನೂ ಹಲ್ಲು ಬಿದ್ದಿಲ್ಲ, ವೋಟೆಲ್ಲಿಂದ ಬಂತೇ? ನಿನ್ನ ಗಂಡನ್ನ ಕೇಳು. ಯಾವ ಬಾಗ್ಲಿಗೆ ಹೋಗೋದು ಅಂತ ಮನಿದೇ ನೆನಪಿರಲ್ಲ, ಪೆಟ್ಟಿಗಿ ನೆನಪಿರ್ತೈತಾ."

ಗಂಡಂದಿರು ಮಧ್ಯೆ ಬಂದರು. ಅಣ್ಣತಮ್ಮಂದಿರು ಮಾತು ಬಿಟ್ಟರು. ಒಂದು ನಿಶ್ಚಿತಾರ್ಥ ನಿಂತುಹೋಗುವಂತಾಯಿತು. ಕೊನೆಗೆ ಮಾವ, "ಇದು ಹಿಂಗೆ ಬಗೆಹರಿಯಲ್ಲ. ಬಸವಣ್ಣನ ಮುಂದೆ ಎಲ್ರೂ ಕರ್ಪೂರ ಆರ್ಸಿ ಆಣೆ ಮಾಡ್ರಿ. ಮೊದಲು ನಮ್ಮ ಮನೆಯಿಂದನೇ ಆಗ್ಲಿ. ಅಳಿಯಂದ್ರೆ, ಏಳ್ರಿ," ಎಂದರು.

ಊಟಕ್ಕೆ ಮೊದಲು ಕರೆಯುವ ಮನೆಯಲ್ಲಿ ಆಣೆಗೂ ಮೊದಲು ಕರೆಯುತ್ತಾರೆಂದು ನನಗೆ ತಿಳಿದಿರಲಿಲ್ಲ. ಕರ್ಪೂರ ಹತ್ತಿಸಿದರು. ಸುಳ್ಳನ್ನು ನಾನು ಮನುಷ್ಯರಿಗೆ ಹೇಳುತ್ತೇನೆ, ನದಿಗೆ ಹೇಳುತ್ತೇನೆ. ಬಸವಣ್ಣನಿಗೆ ಹೇಳುವಷ್ಟು ಧೈರ್ಯವಿಲ್ಲ. ಅಷ್ಟರಲ್ಲಿ ಊರ ಬಾಗಿಲಲ್ಲಿ ಜೀಪು ನಿಂತ ಸದ್ದಾಯಿತು. ಸಾಹುಕಾರರು ಇಳಿದರು. ಹಿಂದೆಯೇ ತಿಪ್ಪೇರುದ್ರಪ್ಪನವರೂ ಇಳಿದರು, ಕೈಯಲ್ಲಿ ಮಲ್ಲಿಗೆ ಹಾರ. ಭಾವಮೈದುನರನ್ನು ಶಕುಂತಲಮ್ಮನವರೇ ರಾಜಿ ಮಾಡಿಸಿ ಒಂದೇ ಜೀಪಿನಲ್ಲಿ ಕಳಿಸಿದ್ದರು.

"ಗೌಡ್ರೆ," ಎಂದರು ತಿಪ್ಪೇರುದ್ರಪ್ಪ, "ಊರೆಲ್ಲ ಒಂದು ಕಡೆ ನಿಂತಾಗ ಒಬ್ಬ ನನ್ನ ಕಡೆ ನಿಂತಾನೆ. ಅಂಥ ಎದೆಗಾರನ್ನ ನೋಡ್ಬೇಕು. ಈ ಹಾರ ಅವನಿಗೆ."

ಕರ್ಪೂರ ಒಂದು ಕಡೆ, ಮಲ್ಲಿಗೆ ಒಂದು ಕಡೆ. ನಾನು ಕೆಮ್ಮಿದೆ. ಮೊದಲೇ ಹೇಳಿದೆನಲ್ಲ, ಆ ಕೆಮ್ಮು ಇದೇ.

"ಆ ವೋಟು ನಂದು," ಎಂದೆ.

ಸಾಹುಕಾರರ ಮುಖ ಕೆಂಪಾಗುವುದಕ್ಕೆ ನಾನು ಅವಕಾಶ ಕೊಡಲಿಲ್ಲ.

"ಬೇಕಂತಲೇ ಹಾಕಿದ್ದು ಸಾಹುಕಾರ್ರೆ. ಒಂದು ಊರಿಂದ ಎದುರಿಗೆ ಒಂದೂ ವೋಟಿಲ್ಲ ಅಂದ್ರೆ ಲೋಕ ನಂಬ್ತೈತಾ? ಏನೋ ಕೈವಾಡ ಐತೆ ಅಂತ ಕೋರ್ಟಿಗೆ ಹಾಕ್ತಾರೆ. ಚಂದದ ಕೂಸಿಗೆ ಕೆನ್ನೆ ಮ್ಯಾಲೆ ಕಾಡಿಗೆ ಬೊಟ್ಟು ಇಡಲ್ವಾ? ಅದು ನಿಮ್ಮ ಗೆಲುವಿಗೆ ನಾ ಇಟ್ಟ ದೃಷ್ಟಿಬೊಟ್ಟು. ಬ್ಯಾರೆಯೋರ ಕೈಲಿ ಇಡ್ಸಿದ್ರೆ ಊರಿನ ಮಾತು ಮುರೀತು ಅಂತಾರೆ. ಅದಕ್ಕೆ ಹೊರಗಿಂದ ಬಂದ ಮನೆಅಳಿಯ ನಾನೇ ಇಟ್ಟೆ."

ಸಾಹುಕಾರರು ಕನ್ನಡಕ ಏರಿಸಿ ನನ್ನನ್ನು ನೋಡಿದರು. ಆಮೇಲೆ ಭಾವನ ಕಡೆ ತಿರುಗಿ, "ನೋಡ್ರಿ, ನನ್ನ ಮಂಡಿ ಗುಮಾಸ್ತನ ತಲಿ ನೋಡ್ರಿ" ಎಂದರು. ತಿಪ್ಪೇರುದ್ರಪ್ಪನವರು ಹಾರ ಹಾಕಿದರು. ಊರಿನ ಡೊಳ್ಳಿನವನು ಯಾರೂ ಹೇಳದೆಯೇ ಬಾರಿಸಿದ. ನಾಗಕ್ಕನೂ ಉಡಚಮ್ಮನೂ ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ಅತ್ತರು. ಮಾವ ತಮ್ಮ ಪಕ್ಕದಲ್ಲೇ ಜಾಗ ಒರೆಸಿ, "ಹೊರಗೇ ಕೂಡ್ರಿ ಅಳಿಯಂದ್ರೆ, ಗಾಳಿ ಐತೆ" ಎಂದರು. ಸಾಹುಕಾರರು ಜೇಬಿನಿಂದ ಹರಿಹರದ ಅಂಗಡಿಯ ಕೀಲಿಗೊಂಚಲು ತೆಗೆದು ಕೊಟ್ಟರು. ನನ್ನ ಕೈಗೆ ಬರುವುದರೊಳಗೆ ಉಮಾಮಹೇಶ್ವರಿ ಅದನ್ನು ಈಸಿಕೊಂಡು ಸೊಂಟಕ್ಕೆ ಸಿಕ್ಕಿಸಿದಳು.

ಕಥೆಯನ್ನು ಇಲ್ಲಿಗೇ ಮುಗಿಸಬೇಕೆಂದು ನನಗೂ ಆಸೆ. ಆದರೆ ಓಬವ್ವ ಕೋಲೂರಿಕೊಂಡು ಮುಂದೆ ಬಂದಳು.

"ಅಳಿಯಂದ್ರೆ, ಒಂದು ಮಾತು ತಿಳೀಲಿಲ್ಲ. ಆ ಪೆಟ್ಟಿಗಿ ಚಿತ್ರದ ಮ್ಯಾಲೆ ನಾನೇ ಒಂದು ಗಟ್ಟಿ ವಿಭೂತಿ ತೇಯ್ದು ಬಳಿದೀನಿ. ಕೊನೀಗೆ ಹೋದೋರು ನೀವು. ಅದು ದೋಣಿ ಅಂತ ನಿಮಗೆ ಹೆಂಗೆ ಕಾಣ್ತು?"

"ಇನ್ನೊಂದರ ಮ್ಯಾಲೆ ತಕ್ಕಡಿ ಕಾಣ್ತಿತ್ತಲ್ಲ ಅಜ್ಜಿ," ಎಂದೆ, ಬಹಳ ಚುರುಕಾಗಿ.

"ನೋಡಿದ್ರಾ ಅದನ್ನ?"

"ನೋಡ್ದೆ ಏನು."

"ಅದನ್ನ ನಾನು ಗ್ವಾಡಿ ಕಡೆ ತಿರುಗಿಸಿಟ್ಟಿದ್ದೆ. ತನಗಿಲ್ಲದ ಪೂಜಿ ನೋಡಿ ಹೊಟ್ಟೆಕಿಚ್ಚು ಪಡಬಾರ್ದು ಅಂತ."

ಡೊಳ್ಳು ನಿಂತಿತು. ಹಯಾತ್ ಸಾಬ್ ಬೀಡಿಯನ್ನು ಈ ಸಲ ಬಾಯಿಂದ ತೆಗೆದ. ಸಾಹುಕಾರರು ಉಮಾಮಹೇಶ್ವರಿಯ ಮುಂದೆ ಕೈ ಚಾಚಿ, "ಕೀಲಿ ತಾರವ್ವ" ಎಂದರು.

ಅವಳು ತಲೆ ತಗ್ಗಿಸಿಯೇ ಹೇಳಿದಳು: "ಕೊಡೋಕೇನು ಸಾಹುಕಾರ್ರೆ. ಆದ್ರೆ ಇವರೊಬ್ರ ತಪ್ಪು ಒಂದು ಕಡೆ ಇಡ್ರಿ, ನಮ್ಮೂರಿನ ಮುನ್ನೂರು ಹೆಂಗಸ್ರು ಗಂಡಸ್ರ ವೋಟು ಇನ್ನೊಂದು ಕಡೆ ಇಡ್ರಿ. ಯಾವ ಕಡೆ ತೂಗ್ತೈತೆ ಅಂತ ನೀವೇ ಹೇಳ್ರಿ. ತಕ್ಕಡಿ ನಿಮ್ದೇ ಐತಲ್ಲ."

ಮೊದಲು ನಕ್ಕವರು ಸೋತ ತಿಪ್ಪೇರುದ್ರಪ್ಪನವರು. ಆಮೇಲೆ ಊರು ನಕ್ಕಿತು. ಕೊನೆಗೆ ಸಾಹುಕಾರರೂ ಚಾಚಿದ ಕೈಯಿಂದಲೇ ಅವಳಿಗೆ ಆಶೀರ್ವಾದ ಮಾಡಿ, "ಅಂಗಡಿಯಾಗ ಇವನು ಮಾತಾಡ್ಲಿ, ಕೀಲಿ ನಿನ್ನ ಹತ್ರನೇ ಇರ್ಲಿ" ಎಂದರು. ಇಬ್ಬರು ಅಭ್ಯರ್ಥಿಗಳ ಕೈಯಲ್ಲೂ ಮರ್ಯಾದೆ ಪಡೆದ ಮತದಾರ ಮೂರು ಲೋಕದಲ್ಲೂ ನಾನೊಬ್ಬನೇ ಎಂಬುದನ್ನು ಮಾತ್ರ ಯಾರೂ ಅಲ್ಲಗಳೆಯಲಾರರು.

"ಈಗಾದ್ರೂ ನಿಜ ಹೇಳ್ರಿ ಅಳಿಯಂದ್ರೆ," ಎಂದರು ಮಾವ. ಕರ್ಪೂರ ಇನ್ನೂ ಉರಿಯುತ್ತಿತ್ತು.

ಹೇಳಿದೆ. ನಾನು ಯಾವ ಊರನ್ನೂ ತಿರುಗಿಸಲಿಲ್ಲ, ಯಾವ ಹೂಟವನ್ನೂ ಹೂಡಲಿಲ್ಲ. ಮೆಣಸಿನಗಟ್ಟೆಯಲ್ಲಿ ನಿಜವಾಗಿ ನನ್ನ ಕೈಯಲ್ಲಿದ್ದದ್ದು ಒಂದೇ ವೋಟು. ಸಾಹುಕಾರರಿಗೆ ಬೀಳದೆ ಹೋದದ್ದೂ ಅದೊಂದೇ.